ಮೊದಲ ಹತ್ತು ಅಂಕ ರೆಫರಿಗಳಿಗೆ

ವರ್ಣಭೇದದ ಕಾಲದ ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸಿದ ಕಪ್ಪು ಶಿಕ್ಷಕರನ್ನು ಹೊಗಳುವವರು ಅವರ ತಾಳ್ಮೆಯನ್ನೇ ಎತ್ತಿ ಹೇಳುವುದು ವಾಡಿಕೆ. ಇಂಡಿಯಾನಾ ರಾಜ್ಯದ ಇಂಡಿಯಾನಾಪೊಲಿಸ್ ನಗರದ ಕ್ರಿಸ್ಪಸ್ ಅಟಕ್ಸ್ ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಕೋಚ್ ರೇ ಕ್ರೋ ಅವರ ವಿಷಯದಲ್ಲಿ ಈ ಹೊಗಳಿಕೆ ನನಗೆ ಒಪ್ಪಿಗೆಯಿಲ್ಲ.

ಬಿಳಿಯರೇ ಮೇಲು ಎನ್ನುವ ಕು ಕ್ಲಕ್ಸ್ ಕ್ಲಾನ್ ಸಂಘಟನೆಯ ಪ್ರಭಾವ ನಗರದ ಆಡಳಿತದೊಳಗೂ ನುಗ್ಗಿದ್ದ ಕಾಲದಲ್ಲಿ, ಕಪ್ಪು ಮಕ್ಕಳನ್ನು ಬಿಳಿಯರ ಹೈಸ್ಕೂಲುಗಳಿಂದ ಬೇರ್ಪಡಿಸಲೆಂದು ಕಟ್ಟಿ, 1927ರಲ್ಲಿ ತೆರೆದ ಶಾಲೆ ಅದು. ರಾಜ್ಯದ ಹೈಸ್ಕೂಲು ಟೂರ್ನಿಗೆ ಅದನ್ನು ಸೇರಿಸಿಕೊಂಡದ್ದೇ 1940ರ ದಶಕದಲ್ಲಿ. ಆಮೇಲೂ ಅಲ್ಲಿನ ಹುಡುಗರು ಯಾರ ಮೈಗೂ ತಾಗದಂತೆ, ಯಾರಿಗೂ ಕೋಪ ಬರದಂತೆ ತಗ್ಗಿ ಆಡಬೇಕಿತ್ತು. 1950ರಲ್ಲಿ ಮುಖ್ಯ ಕೋಚ್ ಆದ ಕ್ರೋ, ರೆಫರಿಯೊಂದಿಗೆ ವಾದಿಸಬಾರದೆಂಬ ಶಿಸ್ತನ್ನು ಉಳಿಸಿಕೊಂಡು, ಆಟದೊಳಗಿನ ಅಂಜಿಕೆಯನ್ನು ಮಾತ್ರ ಕಿತ್ತುಹಾಕಿದರು. ಮೊದಲ ಹತ್ತು ಅಂಕ ರೆಫರಿಗಳಿಗೆ, ಆಮೇಲಿನದು ನಮ್ಮ ಆಟ ಎಂಬರ್ಥದ ಮಾತನ್ನು ಅವರು ಹುಡುಗರಿಗೆ ಹೇಳುತ್ತಿದ್ದರಂತೆ. ಎದುರಾಗಲಿರುವ ಅನ್ಯಾಯದ ಬೆಲೆಯನ್ನು ಅಂಕಗಳಲ್ಲಿ ಮೊದಲೇ ಕಟ್ಟಿ, ಅದನ್ನೂ ಮೀರಿ ಗೆಲ್ಲಲು ಹೊರಡುವವನನ್ನು ಬರೀ ತಾಳ್ಮೆಗಾರನೆಂದರೆ ಅವನ ಬುದ್ಧಿಗೆ ಅಪಚಾರ ಮಾಡಿದಂತೆ. ಏಳು ಕ್ರೀಡಾ ಋತುಗಳಲ್ಲಿ ಅವರ ತಂಡ ಗೆದ್ದ ಪಂದ್ಯಗಳು 179, ಸೋತವು 20.

1955ರಲ್ಲಿ, ಮುಂದೆ ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೆಸರಾದ ಆಸ್ಕರ್ ರಾಬರ್ಟ್‌ಸನ್ ಇದ್ದ ಆ ತಂಡ, ಕಪ್ಪು ವಿದ್ಯಾರ್ಥಿಗಳೇ ಇದ್ದ ಗ್ಯಾರಿ ನಗರದ ರೂಸ್‌ವೆಲ್ಟ್ ಶಾಲೆಯನ್ನು 97-74ರಿಂದ ಸೋಲಿಸಿ ರಾಜ್ಯ ಪ್ರಶಸ್ತಿ ಗೆದ್ದಿತು. ಎಲ್ಲ ಶಾಲೆಗಳಿಗೂ ತೆರೆದಿದ್ದ ರಾಜ್ಯ ಟೂರ್ನಿಯೊಂದನ್ನು ಕಪ್ಪು ಶಾಲೆಯೊಂದು ಗೆದ್ದದ್ದು ದೇಶದಲ್ಲೇ ಅದು ಮೊದಲು. ಗೆದ್ದವರು ನಗರದ ನಡುವಿನ ಮಾನ್ಯುಮೆಂಟ್ ಸರ್ಕಲ್‌ನಲ್ಲಿ ಸಂಭ್ರಮಿಸುವುದು ಪದ್ಧತಿಯಾಗಿದ್ದರೂ, ಇವರ ಮೆರವಣಿಗೆಯನ್ನು ಅಲ್ಲಿ ನಿಲ್ಲಗೊಡದೆ ಕಪ್ಪು ಜನರ ಬಡಾವಣೆಯ ಪಾರ್ಕಿಗೆ ಸಾಗಿಸಲಾಯಿತು. ರಾಬರ್ಟ್‌ಸನ್ ಆ ಅವಮಾನವನ್ನು ಮುಂದೆಂದೂ ಮರೆಯಲಿಲ್ಲ. ಮರುವರ್ಷ ತಂಡ ಒಂದು ಪಂದ್ಯವನ್ನೂ ಸೋಲದೆ ಮತ್ತೆ ಗೆದ್ದಿತು. ಕ್ರೀಡೆ ಜನರನ್ನು ಒಂದುಗೂಡಿಸುತ್ತದೆಂದು ಭಾಷಣ ಮಾಡುವವರು ಆ ಮೆರವಣಿಗೆಯ ದಾರಿಯನ್ನೊಮ್ಮೆ ನಕ್ಷೆಯಲ್ಲಿ ನೋಡಬೇಕು.

ಹಾಗಾದರೆ ಕ್ರೋ ಅವರ ಪ್ರಭಾವವನ್ನು ಎಲ್ಲಿ ಹುಡುಕುವುದು? ರೆಫರಿಯ ಎದುರು ತುಟಿ ಬಿಚ್ಚದಿರಲು ಕಲಿತಿದ್ದ ರಾಬರ್ಟ್‌ಸನ್, 1970ರಲ್ಲಿ ವೃತ್ತಿಪರ ಆಟಗಾರರ ಸಂಘದ ಅಧ್ಯಕ್ಷರಾಗಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಮೇಲೆ ಮೊಕದ್ದಮೆ ಹೂಡಿದರು. 1976ರ ರಾಜಿಯಿಂದಾಗಿ ಆಟಗಾರರಿಗೆ ತಂಡ ಬದಲಾಯಿಸುವ ಸ್ವಾತಂತ್ರ್ಯದ ದಾರಿ ತೆರೆಯಿತು. ಇದರ ಶ್ರೇಯಸ್ಸನ್ನೆಲ್ಲ ಕೋಚ್‌ಗೆ ಕಟ್ಟುವುದು ಅತಿಯಾದೀತು. ಆದರೆ ಎಲ್ಲಿ ಸುಮ್ಮನಿರಬೇಕು, ಎಲ್ಲಿ ಪಟ್ಟು ಬಿಡಬಾರದು ಎಂಬ ವಿವೇಚನೆಯನ್ನು ಆ ಹುಡುಗ ಮೊದಲು ಕಂಡದ್ದು ಅಟಕ್ಸ್‌ನ ಅಂಗಳದಲ್ಲೇ ಎಂದು ನಾನು ನಂಬುತ್ತೇನೆ. ಕ್ರೋ ಅವರೇ ಮುಂದೆ ಇಂಡಿಯಾನಾದ ಶಾಸನಸಭೆಗೆ ಆಯ್ಕೆಯಾದದ್ದು ಈ ನಂಬಿಕೆಗೆ ಇನ್ನಷ್ಟು ಬಲ ಕೊಡುತ್ತದೆ.