ಮೂರನೆಯವರ ಮೈಟೊಕಾಂಡ್ರಿಯದಿಂದ ಮಗು: ಚಿಕಿತ್ಸೆಯಾಗಿ ಈಗಲೇ ಒಪ್ಪಬಹುದೆ?

ಪರ: ಬೇರೆ ದಾರಿ ಇಲ್ಲದವರಿಗೆ ಬಾಗಿಲು ಮುಚ್ಚಬಾರದು

ಮೈಟೊಕಾಂಡ್ರಿಯ ಎಂದರೆ ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಅಂಗ. ಅದರಲ್ಲಿ ದೋಷವಿರುವ ತಾಯಿಯ ಮಗುವಿಗೆ ದಾನಿಯೊಬ್ಬಳ ಮೈಟೊಕಾಂಡ್ರಿಯ ಕೊಡುವುದೇ ಇಲ್ಲಿಯ ಚರ್ಚೆ. ಮೈಟೊಕಾಂಡ್ರಿಯದ ಡಿಎನ್‌ಎ ತೀರಾ ಚಿಕ್ಕದು. 16,569 ಬೇಸ್ ಜೋಡಿ (ಎ, ಟಿ, ಜಿ, ಸಿ ಎಂಬ ಅಕ್ಷರಗಳು), 37 ವಂಶವಾಹಿ. ಪ್ರೋಟೀನಿನ ಸಂಕೇತ ಹೊತ್ತವು ಅದರಲ್ಲಿ 13 ಮಾತ್ರ. ಆದರೆ ಆ ಹದಿಮೂರೂ ಕೋಶದ ಶಕ್ತಿ ಉತ್ಪಾದನೆಯ ಯಂತ್ರದ ಭಾಗಗಳು. ಒಂದು ಕೈಕೊಟ್ಟರೂ ಕೋಶದ ಇಂಧನವಾದ ಎಟಿಪಿ ಕುಸಿಯುತ್ತದೆ. ಪೆಟ್ಟು ಮೊದಲು ಬೀಳುವುದು ಮಿದುಳು, ಹೃದಯ, ಸ್ನಾಯು, ಕಣ್ಣಿನ ನರದ ಮೇಲೆ. ಈ ಡಿಎನ್‌ಎ ಬರುವುದು ತಾಯಿಯ ಅಂಡಾಣುವಿನಿಂದ. ಹಾಗಾಗಿ ದೋಷವೂ ತಾಯಿಯಿಂದಲೇ.

ಒಂದು ಕೋಶದಲ್ಲಿ ಈ ಡಿಎನ್‌ಎಯ ಒಳ್ಳೆಯ ಪ್ರತಿಗಳೂ ಕೆಟ್ಟ ಪ್ರತಿಗಳೂ ಒಟ್ಟಿಗೆ ಇರಬಹುದು. ಕಾಯಿಲೆ ಬರುವುದೋ ಇಲ್ಲವೋ ಎಂಬುದು ಬಹುಪಾಲು ಅವುಗಳ ಅನುಪಾತದ ಮೇಲೆ ನಿಂತಿದೆ. 8993ನೇ ಸ್ಥಾನದಲ್ಲಿ ಟಿ ಇರಬೇಕಾದಲ್ಲಿ ಜಿ ಬಂದ ದೋಷವನ್ನೇ ನೋಡಿ. ಕೆಟ್ಟ ಪ್ರತಿಗಳು ಶೇ 60ಕ್ಕಿಂತ ಕಡಿಮೆ ಇದ್ದವರಿಗೆ ಸಾಮಾನ್ಯವಾಗಿ ತೊಂದರೆ ಗೊತ್ತೇ ಆಗುವುದಿಲ್ಲ. ಶೇ 70 ದಾಟಿದರೆ ನರಗಳ ದೌರ್ಬಲ್ಯ, ನಡಿಗೆಯ ತೂರಾಟ, ರೆಟಿನಾದ ಹಾನಿ. ಶೇ 90 ದಾಟಿದರೆ ಶೈಶವದಲ್ಲೇ ಮಿದುಳನ್ನು ಕೆಡಿಸುವ ಲೀ ಸಿಂಡ್ರೋಮ್. ಅಂಥ ಮಕ್ಕಳಲ್ಲಿ ಹೆಚ್ಚಿನವರು ಉಳಿಯುವುದಿಲ್ಲ.

ತಾಯಿಯ ಅಂಡಾಣುಗಳಲ್ಲಿ ಈ ಅನುಪಾತ ಏರುಪೇರಾಗಿದ್ದರೆ ಭ್ರೂಣಪರೀಕ್ಷೆ ಸಾಕು: ಐದಾರನೇ ದಿನದ ಭ್ರೂಣದ ಹೊರಪದರದಿಂದ ಕೆಲವು ಕೋಶ ತೆಗೆದು, ಅಳೆದು, ಕಡಿಮೆ ದೋಷದ್ದನ್ನು ಗರ್ಭಕ್ಕೆ ಸೇರಿಸಬಹುದು. ಆದರೆ ಕೆಲವು ತಾಯಂದಿರಲ್ಲಿ ಎಲ್ಲ ಪ್ರತಿಗಳೂ ಕೆಟ್ಟವೇ. ಹತ್ತು ಭ್ರೂಣ ಪರೀಕ್ಷಿಸಿದರೆ ಹತ್ತೂ ಶೇ 100. ಆರಿಸುವುದಕ್ಕೆ ಅಲ್ಲಿ ಏನೂ ಇಲ್ಲ. ಮೈಟೊಕಾಂಡ್ರಿಯ ದಾನದ ಪ್ರಶ್ನೆ ಏಳುವುದು ಇವರಿಗಾಗಿ.

ವಿಧಾನ ಹೀಗೆ: ತಾಯಿಯ ಅಂಡಾಣು, ದಾನಿಯ ಅಂಡಾಣು ಎರಡಕ್ಕೂ ವೀರ್ಯಾಣು ಚುಚ್ಚುತ್ತಾರೆ. ಎಂಟು ಗಂಟೆಯ ಆಸುಪಾಸಿನಲ್ಲಿ ತಂದೆಯದೊಂದು, ತಾಯಿಯದೊಂದು ಪ್ರೊನ್ಯೂಕ್ಲಿಯಸ್ (ಇನ್ನೂ ಒಂದಾಗದ ಕೋಶಕೇಂದ್ರ) ಕಾಣಿಸಿಕೊಂಡಿರುತ್ತವೆ. ಕೋಶದ ಒಳಚೌಕಟ್ಟನ್ನು ಸಡಿಲಿಸುವ ಔಷಧಿಯಲ್ಲಿ ಇಟ್ಟು, ಹೊರಕವಚಕ್ಕೆ ಲೇಸರ್‌ನಿಂದ ರಂಧ್ರ ಮಾಡಿ, ತಾಯಿಯ ಅಂಡದ ಆ ಎರಡನ್ನೂ ಆದಷ್ಟು ಕಡಿಮೆ ಕೋಶರಸದೊಂದಿಗೆ ಪಿಪೆಟ್ಟಿಗೆ ಎಳೆದುಕೊಳ್ಳುತ್ತಾರೆ. ದಾನಿಯ ಅಂಡದ ಪ್ರೊನ್ಯೂಕ್ಲಿಯಸ್‌ಗಳನ್ನು ಮೊದಲೇ ತೆಗೆದಿರುತ್ತಾರೆ. ನಿಷ್ಕ್ರಿಯಗೊಳಿಸಿದ ಸೆಂಡಾಯ್ ವೈರಸ್ಸಿನ ಹೊದಿಕೆಯನ್ನು ಅಂಟಿನಂತೆ ಬಳಸಿ, ತಾಯಿಯ ಅಂಡದಿಂದ ಎಳೆದುಕೊಂಡ ಕಟ್ಟನ್ನು ಅಲ್ಲಿ ಬೆಸೆಯುತ್ತಾರೆ. ಕೈಚಳಕದ ಪರೀಕ್ಷೆ ಇರುವುದು ಕೋಶರಸದ ಅಳತೆಯಲ್ಲಿ: ಹೆಚ್ಚಾದರೆ ತಾಯಿಯ ಮೈಟೊಕಾಂಡ್ರಿಯವೂ ಹೆಚ್ಚು ಬರುತ್ತದೆ, ಎಳೆತ ಜೋರಾದರೆ ಕೋಶಪೊರೆ ಹರಿಯುತ್ತದೆ.

ಬ್ರಿಟನ್ನಿನ ಸಂಸತ್ತಿನ ಕೆಳಮನೆ 2015ರ ಫೆಬ್ರುವರಿಯಲ್ಲಿ 382–128 ಮತಗಳಿಂದ ಇದಕ್ಕೆ ಒಪ್ಪಿಗೆ ಕೊಟ್ಟಿತು. ನ್ಯೂಕಾಸಲ್ ಕೇಂದ್ರಕ್ಕೆ ಪರವಾನಗಿ ಸಿಕ್ಕಿದ್ದು 2017ರಲ್ಲಿ. ಪರವಾನಗಿ ಇದ್ದರೂ ಒಂದೊಂದು ಪ್ರಕರಣಕ್ಕೂ ನಿಯಂತ್ರಕರ ಪ್ರತ್ಯೇಕ ಅನುಮತಿ ಬೇಕು. 2025ರ ಜುಲೈನಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎಂಟು ಮಕ್ಕಳು. ಕೋಶಕೇಂದ್ರ ತೆಗೆದ ನಂತರ ಉಳಿದ ತಾಯಿಯ ಅಂಡದೊಂದಿಗೆ ಹೋಲಿಸಿದರೆ, ದೋಷದ ಪ್ರಮಾಣ ಆರು ಮಕ್ಕಳಲ್ಲಿ ಶೇ 95ರಿಂದ 100ರಷ್ಟು ಇಳಿದಿತ್ತು, ಇನ್ನಿಬ್ಬರಲ್ಲಿ ಶೇ 77ರಿಂದ 88. ರಕ್ತದಲ್ಲಿ ಕಂಡ ಗರಿಷ್ಠ ದೋಷ ಶೇ 16. ಕಾಯಿಲೆಯ ಹೊಸ್ತಿಲಿನಿಂದ ಅದು ಬಹಳ ದೂರ.

‘ಮೂವರು ಪೋಷಕರ ಮಗು’ ಎಂಬ ಗುಲ್ಲು ಪತ್ರಿಕೆಗಳ ತಲೆಬರಹಕ್ಕೆ ಚೆಂದ, ಅಷ್ಟೆ. ದಾನಿಯಿಂದ ಬರುವುದು ಒಟ್ಟು ಡಿಎನ್‌ಎಯ ಶೇ 0.1ಕ್ಕೂ ಕಡಿಮೆ. ಇನ್ನು ದೋಷವನ್ನೇ ತಿದ್ದುವ ತಂತ್ರಜ್ಞಾನಕ್ಕೆ ಕಾಯೋಣ ಎನ್ನುವವರಿಗೆ ಒಂದು ಮಾತು. ಡಿಎನ್‌ಎ ಕತ್ತರಿಸಿ ತಿದ್ದುವ ಕ್ರಿಸ್ಪರ್‌ಗೆ ಬೇಕಾದ ಆರ್‌ಎನ್‌ಎಯನ್ನು ಮೈಟೊಕಾಂಡ್ರಿಯದೊಳಗೆ ಸಾಗಿಸುವುದೇ ಕಷ್ಟ. 2020ರಲ್ಲಿ ಬಂದ, ಬ್ಯಾಕ್ಟೀರಿಯದ ವಿಷಪ್ರೋಟೀನಿನಿಂದ ರೂಪಿಸಿದ ಬೇಸ್ ಎಡಿಟರ್ ಸಿಯನ್ನು ಟಿಗೆ ಬದಲಿಸುತ್ತದೆ. ಮೇಲೆ ಹೇಳಿದ, ಜಿಯನ್ನು ಟಿ ಮಾಡಬೇಕಾದ 8993ರ ದೋಷ ಆ ಲೆಕ್ಕಕ್ಕೆ ಸಿಗುವುದೇ ಇಲ್ಲ. ಕಾಯಿರಿ ಎಂದರೆ ಆ ತಾಯಂದಿರಿಗೆ ಎಷ್ಟು ವರ್ಷ ಎಂದೂ ಹೇಳಬೇಕಾಗುತ್ತದೆ. ಅಂಡಾಣುಗಳಿಗೆ ಅಷ್ಟು ವರ್ಷ ಇರುವುದಿಲ್ಲ.

ವಿರೋಧ: ಉಳಿದುಬಂದ ಪಾಲು ಏಕೆ ಏರುತ್ತದೆಂದು ಮೊದಲು ತಿಳಿಯಲಿ

ಶೇ 16 ಹೊಸ್ತಿಲಿನಿಂದ ದೂರ, ಒಪ್ಪೋಣ. ಆದರೆ ಅದು ಬಂದದ್ದೆಲ್ಲಿಂದ? ಪ್ರೊನ್ಯೂಕ್ಲಿಯಸ್ ಜೊತೆಗೆ ಸಾಗುವ ತಾಯಿಯ ಮೈಟೊಕಾಂಡ್ರಿಯ ಹೆಚ್ಚಿನ ಭ್ರೂಣಗಳಲ್ಲಿ ಶೇ 2ಕ್ಕಿಂತ ಕಡಿಮೆ ಎಂದು ನ್ಯೂಕಾಸಲ್ ತಂಡವೇ 2016ರಲ್ಲಿ ತೋರಿಸಿತ್ತು. ಶೇ 2 ಇದ್ದದ್ದು 16ಕ್ಕೆ ಹೇಗೆ ಏರಿತು ಎಂಬುದಕ್ಕೆ ಖಚಿತ ಉತ್ತರವಿಲ್ಲ. ನನ್ನ ತಕರಾರಿನ ತಿರುಳು ಇದೇ.

ಎಚ್ಚರಿಕೆಯ ಗಂಟೆ ಆಗಲೇ ಬಾರಿಸಿತ್ತು. ಅಂಥ ಭ್ರೂಣಗಳಿಂದ ಬೆಳೆಸಿದ ಆಕರಕೋಶದ (ಸ್ಟೆಮ್ ಸೆಲ್) ಐದು ಸಾಲುಗಳಲ್ಲಿ ಒಂದರಲ್ಲಿ ತಾಯಿಯ ಡಿಎನ್‌ಎ ಪೀಳಿಗೆಯಿಂದ ಪೀಳಿಗೆಗೆ ಏರುತ್ತಲೇ ಹೋಯಿತು. ಗಾಜಿನ ತಟ್ಟೆಯ ವಿಚಿತ್ರ ಎಂದು ಆಗ ಬದಿಗಿಟ್ಟವರಿದ್ದರು. ಆಮೇಲೆ ಗ್ರೀಸಿನಲ್ಲಿ ಬಂಜೆತನಕ್ಕಾಗಿ ನಡೆದ ಪ್ರಯೋಗದಲ್ಲಿ ಹುಟ್ಟಿದ ಆರು ಮಕ್ಕಳಲ್ಲಿ ಒಂದರ ಕಥೆ ಬಂತು. ಭ್ರೂಣದಲ್ಲಿ ತಾಯಿಯ ಪಾಲು ಶೇ 1ಕ್ಕಿಂತ ಕಡಿಮೆ. ಮಗು ಹುಟ್ಟಿದ ಮೇಲೆ ಅಳೆದರೆ ಶೇ 30ರಿಂದ 60. ಆ ತಾಯಿಗೆ ಮೈಟೊಕಾಂಡ್ರಿಯದ ಕಾಯಿಲೆ ಇರಲಿಲ್ಲ, ಹಾಗಾಗಿ ಮಗುವಿಗೆ ಅದರಿಂದ ಹಾನಿಯಿಲ್ಲ. ಇದ್ದಿದ್ದರೆ?

ವಿವರಣೆಗಳು ಎರಡಿವೆ. ಅಂಡಾಣುವಿನಲ್ಲಿ ಲಕ್ಷಕ್ಕೂ ಹೆಚ್ಚು ಪ್ರತಿಗಳಿರುತ್ತವೆ, ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವ ಹೊತ್ತಿನವರೆಗೂ ಅವು ದ್ವಿಗುಣಿಸುವುದಿಲ್ಲ. ಕೋಶಗಳು ಸೀಳುತ್ತಾ ಹೋದಂತೆ ಒಂದೊಂದಕ್ಕೂ ಸಿಗುವ ಪ್ರತಿಗಳು ಕಡಿಮೆಯಾಗುತ್ತವೆ. ಹೀಗೆ ಕಿರಿದಾದ ಹಂತದಲ್ಲಿ ಚಿಕ್ಕ ಪಾಲೊಂದು ಬರೀ ಆಕಸ್ಮಿಕವಾಗಿ ದೊಡ್ಡದಾಗಬಹುದು. ಇನ್ನೊಂದು ವಿವರಣೆ: ಡಿಎನ್‌ಎಯ ನಕಲು ಶುರುವಾಗುವ ಡಿ-ಲೂಪ್ ಪ್ರದೇಶದಲ್ಲಿ ತಾಯಿ ಮತ್ತು ದಾನಿಯ ನಡುವೆ ವ್ಯತ್ಯಾಸವಿದ್ದರೆ, ಒಬ್ಬರ ಪ್ರತಿ ಇನ್ನೊಬ್ಬರದಕ್ಕಿಂತ ಬೇಗ ನಕಲಾಗುತ್ತದೆ. ಎರಡನೆಯದು ನಿಜವಾದರೆ ದಾನಿಯ ವಂಶಗುಂಪು (ಮೈಟೊಕಾಂಡ್ರಿಯ ಡಿಎನ್‌ಎಯ ಬಗೆ) ಹೊಂದಿಸಿ ಅಪಾಯ ತಗ್ಗಿಸಬಹುದು. ಮೊದಲನೆಯದು ನಿಜವಾದರೆ ಯಾವ ಹೊಂದಿಕೆಯೂ ಕಾಪಾಡದು. ಯಾವುದೆಂದು ಗೊತ್ತಾಗದೆ ದಾನಿಯನ್ನು ಆರಿಸುವುದು ಹೇಗೆ?

ಅಳತೆಯದ್ದೂ ಒಂದು ತೊಡಕು. ಮೆಲಾಸ್ (ಪಾರ್ಶ್ವವಾಯುವಿನಂಥ ಆಘಾತ ಕೊಡುವ ಮೈಟೊಕಾಂಡ್ರಿಯದ ಕಾಯಿಲೆ) ತರುವ 3243ನೇ ಸ್ಥಾನದ ದೋಷ ವಯಸ್ಸಾದಂತೆ ರಕ್ತದಲ್ಲಿ ಇಳಿಯುತ್ತದೆ, ಸ್ನಾಯುವಿನಲ್ಲಿ ಹಾಗೆ ಇಳಿಯುವುದಿಲ್ಲ. ಅದಕ್ಕೇ ವಯಸ್ಕರಲ್ಲಿ ಮೂತ್ರದ ಕೋಶಗಳನ್ನು ನೋಡುತ್ತಾರೆ, ರಕ್ತದ ಅಂಕಿಯನ್ನು ವಯಸ್ಸಿಗೆ ತಕ್ಕಂತೆ ಸರಿಪಡಿಸುತ್ತಾರೆ. ನವಜಾತ ಶಿಶುವಿನ ರಕ್ತದ ಒಂದು ಅಂಕಿ ಅದರ ಮಿದುಳಿನ ಬಗ್ಗೆ ಭರವಸೆ ಕೊಡದು. 2016ರಲ್ಲಿ, ಇದಕ್ಕಿಂತ ಭಿನ್ನವಾದ ಸ್ಪಿಂಡಲ್ ವರ್ಗಾವಣೆಯಿಂದ (ಫಲಿಸುವ ಮೊದಲೇ ಅಂಡಾಣುವಿನ ವರ್ಣತಂತುಗಳನ್ನು ಸಾಗಿಸುವುದು) ಹುಟ್ಟಿದ ಮಗುವಿನಲ್ಲಿ ಅಂಗಾಂಶದಿಂದ ಅಂಗಾಂಶಕ್ಕೆ ದೋಷ ಸುಮಾರು ಶೇ 2ರಿಂದ 9ರವರೆಗೆ ವ್ಯತ್ಯಾಸವಾಗಿತ್ತು. ಸಿಕ್ಕಿದ ಅಂಗಾಂಶಗಳಲ್ಲೇ ಇಷ್ಟು. ಮಿದುಳಿನ ಕೋಶ ತೆಗೆದು ನೋಡುವಂತೆಯೂ ಇಲ್ಲ.

ಬ್ರಿಟನ್ನಿನ ಎಂಟು ಮಕ್ಕಳಲ್ಲಿ ನಾಲ್ವರು ಹೆಣ್ಣುಮಕ್ಕಳು. ಗಂಡಾದರೆ ಉಳಿದ ದೋಷ ಅವನಲ್ಲೇ ಮುಗಿಯುತ್ತದೆ. ಹೆಣ್ಣಾದರೆ ಅವಳ ಅಂಡಾಣುಗಳಲ್ಲಿ ಅದು ಮತ್ತೆ ಆ ಕಿರಿದಾದ ಹಂತ ದಾಟಿ ಹಂಚಿಕೆಯಾಗುತ್ತದೆ. ಅವಳ ರಕ್ತದ ಶೇ 10 ಅವಳ ಒಂದು ಅಂಡದಲ್ಲಿ ಶೇ 40 ಆಗಿರಲೂಬಹುದು. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2016ರಲ್ಲೇ ಮೊದಮೊದಲು ಗಂಡು ಭ್ರೂಣ ಮಾತ್ರ ಸಾಕು ಎಂದು ಸಲಹೆ ಕೊಟ್ಟಿದ್ದವು. ಬ್ರಿಟನ್ ಆ ಷರತ್ತು ಇಡಲಿಲ್ಲ. ಲಿಂಗ ಆಯ್ಕೆ ಬೇರೊಂದು ಕೆಡುಕಿಗೆ ದಾರಿ ಎನ್ನುವ ಆಕ್ಷೇಪ ಸುಳ್ಳಲ್ಲ. ಆದರೂ ಸುರಕ್ಷತೆಯ ದೃಷ್ಟಿಯಿಂದ ಆ ಸಲಹೆಯೇ ಸರಿ.

‘ಬೇರೆ ದಾರಿ ಇಲ್ಲ’ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ದಾನಿಯ ಅಂಡಾಣು ಈ ವಿಧಾನಕ್ಕೂ ಬೇಕೇ ಬೇಕು. ಹಾರ್ಮೋನು ಚುಚ್ಚಿಸಿಕೊಳ್ಳುವ ಕಷ್ಟ ದಾನಿಗೆ ತಪ್ಪಿದ್ದಲ್ಲ. ಅದೇ ಅಂಡಾಣುವನ್ನು ಹಾಗೇ ಬಳಸಿದರೆ ತಾಯಿಯ ದೋಷ ಮಗುವಿನಲ್ಲಿ ಸೊನ್ನೆ. ಕಳೆದುಹೋಗುವುದು ತಾಯಿಯೊಂದಿಗಿನ ಡಿಎನ್‌ಎ ನಂಟು. ಅದು ಸಣ್ಣ ನಷ್ಟ ಅಂತಲ್ಲ, ಆದರೆ ಅದನ್ನು ಉಳಿಸಿಕೊಳ್ಳುವ ಅಪಾಯ ಹೊರುವವರು ತಾಯಿಯಲ್ಲ, ಮಗು. ಅನುಪಾತ ಏರುಪೇರಾಗಿರುವ ತಾಯಂದಿರಿಗಂತೂ ಭ್ರೂಣಪರೀಕ್ಷೆಯಿಂದ ಬಂದ ಫಲಿತಾಂಶ ಚೆನ್ನಾಗಿದೆ: ಅದೇ ನ್ಯೂಕಾಸಲ್ ವರದಿಯಲ್ಲಿ ಹಾಗೆ ಹುಟ್ಟಿದ 18 ಮಕ್ಕಳಲ್ಲಿ ಅಳತೆ ಸಿಕ್ಕ ಹತ್ತು ಮಂದಿಯಲ್ಲಿ ದೋಷ ಶೇ 7 ಮೀರಲಿಲ್ಲ.

ಪೂರ್ತಿ ನಿಷೇಧ ನಾನು ಕೇಳುತ್ತಿಲ್ಲ. ಎಲ್ಲ ಪ್ರತಿಗಳೂ ಕೆಟ್ಟಿರುವ ತಾಯಂದಿರಿಗೆ ಸಂಶೋಧನೆಯ ಚೌಕಟ್ಟಿನೊಳಗೆ ಇದು ನಡೆಯಲಿ. ಹುಟ್ಟಿದ ಪ್ರತಿ ಮಗುವಿನ ರಕ್ತ, ಮೂತ್ರ, ಬಾಯಿಯ ಒಳಪದರದ ಕೋಶಗಳನ್ನು ಪ್ರೌಢವಯಸ್ಸಿನವರೆಗೆ ಅಳೆಯುತ್ತಿರಲಿ, ಅಂಕಿಗಳು ಎಲ್ಲರಿಗೂ ಸಿಗಲಿ. ಬಂಜೆತನದ ಚಿಕಿತ್ಸೆ ಎಂದು ಮಾರುವುದನ್ನು ಮಾತ್ರ ಇಂದೇ ನಿಲ್ಲಿಸಬೇಕು: ಅಲ್ಲಿ ತಡೆಯಲು ಕಾಯಿಲೆಯೇ ಇಲ್ಲ, ಅಪಾಯ ಮಾತ್ರ ಇದೆ.