ಬೇರೆಯವರ ಚಾನೆಲ್ ಲಿಸ್ಟ್ ಹಾಕುವ ಮೊದಲು ಲೇಮ್‌ಡಿಬಿ ಫೈಲ್ ಒಮ್ಮೆ ತೆರೆದು ನೋಡಿ

ಡ್ರೀಮ್‌ಬಾಕ್ಸ್, ವೂ ಪ್ಲಸ್ ತರಹದ, ಎನಿಗ್ಮಾ2 ತಂತ್ರಾಂಶದ ಉಪಗ್ರಹ ಟಿವಿ ರಿಸೀವರ್ ಬಳಸುವವರ ನಡುವೆ ಪದೇ ಪದೇ ಬರುವ ಬೇಡಿಕೆ ಒಂದೇ: "ಯಾರಾದ್ರೂ ಲೇಟೆಸ್ಟ್ ಲಿಸ್ಟ್ ಕಳಿಸಿ." ಯಾರೋ ಜಿಪ್ ಫೈಲ್ ಕಳಿಸುತ್ತಾರೆ, ಇವರು ಇಡಿಯಾಗಿ ಸುರಿದುಕೊಳ್ಳುತ್ತಾರೆ. ಮರುದಿನ ಅರ್ಧ ಚಾನೆಲ್ ಬರುವುದಿಲ್ಲ, ಇನ್ನರ್ಧಕ್ಕೆ ಹೆಸರೇ ಇರುವುದಿಲ್ಲ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಇನ್ನೊಬ್ಬರ ಬೊಕೆ ಫೈಲ್ (ಆರಿಸಿದ ಚಾನೆಲ್‌ಗಳ ಗುಂಪು) ಬೇಕಾದರೆ ತೆಗೆದುಕೊಳ್ಳಿ, ಆದರೆ ಲೇಮ್‌ಡಿಬಿ (ಸ್ಕ್ಯಾನ್‌ನಲ್ಲಿ ಸಿಕ್ಕ ಎಲ್ಲ ಚಾನೆಲ್‌ಗಳ ದಾಖಲೆ) ಮಾತ್ರ ನಿಮ್ಮ ಡಿಶ್‌ನಿಂದ ನೀವೇ ಸ್ಕ್ಯಾನ್ ಮಾಡಿದ್ದಾಗಿರಬೇಕು. ಕಾರಣ ಆ ಫೈಲ್‌ಗಳ ಒಳಗೇ ಇದೆ. ಎಲ್ಲವೂ ಬರೀ ಟೆಕ್ಸ್ಟ್ ಫೈಲ್, ಯಾರು ಬೇಕಾದರೂ ತೆರೆದು ಓದಬಹುದು.

ರಿಸೀವರಿಗೆ ಎಫ್‌ಟಿಪಿಯಲ್ಲಿ (ನೆಟ್‌ವರ್ಕ್ ಮೂಲಕ ಫೈಲ್ ಸಾಗಿಸುವ ವಿಧಾನ) ಹೋಗಿ, ಇಟಿಸಿ ಫೋಲ್ಡರಿನೊಳಗೆ ಎನಿಗ್ಮಾ2 ಫೋಲ್ಡರ್ ತೆರೆಯಿರಿ. ಲೇಮ್‌ಡಿಬಿ, ಬೊಕೆಟ್ಸ್ ಡಾಟ್ ಟಿವಿ, ಯೂಸರ್‌ಬೊಕೆ ಎಂದು ಶುರುವಾಗುವ ಹಲವು ಫೈಲ್‌ಗಳು, ಸೆಟ್ಟಿಂಗ್ಸ್ ಎಲ್ಲ ಅಲ್ಲೇ ಕಾಣುತ್ತವೆ. ಮದುವೆಗೆ ಕರೆಯುವವರ ಪಟ್ಟಿಯನ್ನು ನೆನೆಯಿರಿ. ಯಾರ ಹೆಸರು ಮೊದಲು, ಯಾರದ್ದು ಆಮೇಲೆ ಎಂಬುದಷ್ಟೇ ಅದರಲ್ಲಿರುತ್ತದೆ, ಮನೆಗೆ ಹೋಗುವ ದಾರಿ ಇರುವುದಿಲ್ಲ. ಯೂಸರ್‌ಬೊಕೆ ಅಂಥ ಪಟ್ಟಿ. ಫ್ರೀಕ್ವೆನ್ಸಿ, ಸಿಂಬಲ್ ರೇಟ್ (ಸಿಗ್ನಲ್‌ನ ವೇಗ), ಪೋಲರೈಸೇಶನ್ (ಅಲೆ ಹಾರಿಜಾಂಟಲ್ಲೋ ವರ್ಟಿಕಲ್ಲೋ) ಎಂಬ ದಾರಿಯೆಲ್ಲ ಇರುವುದು ಲೇಮ್‌ಡಿಬಿಯಲ್ಲಿ. ಬೊಕೆಟ್ಸ್ ಡಾಟ್ ಟಿವಿ ಯಾವ ಬೊಕೆ ಮೊದಲು, ಯಾವುದು ನಂತರ ಎಂದು ಹೇಳುತ್ತದೆ. ಹೊಸ ಯೂಸರ್‌ಬೊಕೆ ಫೈಲ್ ಹಾಕಿ ಇದರಲ್ಲಿ ಅದರ ಹೆಸರು ಸೇರಿಸದಿದ್ದರೆ ಆ ಬೊಕೆ ಟಿವಿಯಲ್ಲಿ ಕಾಣುವುದೇ ಇಲ್ಲ.

ಜರ್ಮನಿಯ ಝಡ್‌ಡಿಎಫ್ ಎಚ್‌ಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಎನಿಗ್ಮಾ2 ಹುಟ್ಟಿದ್ದೂ ಜರ್ಮನ್ ಕಂಪನಿಯ ಡ್ರೀಮ್‌ಬಾಕ್ಸ್‌ಗಾಗಿ. ಆ ಚಾನೆಲ್ ಬರುವ ದಾರಿ ಇದು: ಆಸ್ಟ್ರಾ ಉಪಗ್ರಹ 19.2 ಡಿಗ್ರಿ ಪೂರ್ವ, ಫ್ರೀಕ್ವೆನ್ಸಿ 11362 ಹಾರಿಜಾಂಟಲ್, ಸಿಂಬಲ್ ರೇಟ್ 22000, ಎಫ್‌ಇಸಿ (ದೋಷ ತಿದ್ದುವ ಅನುಪಾತ) 2/3, ಪ್ರಸಾರದ ವಿಧಾನ ಡಿವಿಬಿ-ಎಸ್2, 8ಪಿಎಸ್‌ಕೆ. ಬೊಕೆಯಲ್ಲಿ ಅದರ ಸಾಲು, ಶುರುವಿನ #SERVICE ಪದ ಬಿಟ್ಟರೆ, ಹೀಗಿರುತ್ತದೆ (ಹೆಕ್ಸ್, ಅಂದರೆ 16ರ ಆಧಾರದ ಸಂಖ್ಯೆಗಳ ಅಕ್ಷರಗಳನ್ನು ಕನ್ನಡದಲ್ಲಿ ಬರೆದಿದ್ದೇನೆ):

1:0:19:2ಬಿ66:3ಎಫ್3:1:ಸಿ00000:0:0:0:

ಮೂರನೆಯ ಜಾಗದ 19 ಸರ್ವಿಸ್ ಟೈಪ್, ಅಂದರೆ ಚಾನೆಲ್‌ನ ಬಗೆ. 2ಬಿ66 ಸರ್ವಿಸ್ ಐಡಿ (ಚಾನೆಲ್‌ನ ಸಂಖ್ಯೆ), ಅಂದರೆ ದಶಮಾನದಲ್ಲಿ 11110. 3ಎಫ್3 ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಐಡಿ (ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಬರುವ ಚಾನೆಲ್‌ಗಳ ಗುಂಪಿನ ಸಂಖ್ಯೆ), ದಶಮಾನದಲ್ಲಿ 1011. ಮುಂದಿನ 1 ಒರಿಜಿನಲ್ ನೆಟ್‌ವರ್ಕ್ ಐಡಿ (ಪ್ರಸಾರ ಜಾಲದ ಸಂಖ್ಯೆ). ಸಿ00000 ಎಂಬುದು ನೇಮ್‌ಸ್ಪೇಸ್, ಉಪಗ್ರಹವನ್ನು ಹೇಳುವ ಸಂಕೇತ; ಅದರ ವಿವರ ಮುಂದಿದೆ. ಅದೇ ಚಾನೆಲ್ ಲೇಮ್‌ಡಿಬಿಯಲ್ಲಿ ಹೀಗಿದೆ:

2ಬಿ66:00ಸಿ00000:03ಎಫ್3:0001:25:0

ಕೈಯಾರೆ ಎಡಿಟ್ ಮಾಡುವವರು ಎಡವುವುದು ಇಲ್ಲೇ. ಎರಡರ ಕ್ರಮ ಒಂದೇ ಅಲ್ಲ. ಬೊಕೆಯಲ್ಲಿ ನೇಮ್‌ಸ್ಪೇಸ್ ಮೂರು ಐಡಿಗಳ ನಂತರ ಬಂದರೆ, ಲೇಮ್‌ಡಿಬಿಯಲ್ಲಿ ಸರ್ವಿಸ್ ಐಡಿಯ ಬೆನ್ನಿಗೇ ಬರುತ್ತದೆ. ಬೊಕೆಯಲ್ಲಿ ಸಂಖ್ಯೆಯ ಶುರುವಿನ ಸೊನ್ನೆಗಳು ಇರುವುದಿಲ್ಲ, ಲೇಮ್‌ಡಿಬಿಯಲ್ಲಿ ಇರುತ್ತವೆ. ಸರ್ವಿಸ್ ಟೈಪ್ ಬೊಕೆಯಲ್ಲಿ ಹೆಕ್ಸ್, ಲೇಮ್‌ಡಿಬಿಯಲ್ಲಿ ದಶಮಾನ. ಹಾಗಾಗಿ ಅಲ್ಲಿಯ 19, ಇಲ್ಲಿಯ 25 ಎರಡೂ ಒಂದೇ, ಎಂಪೆಗ್-4 ಎಚ್‌ಡಿ. ಎಸ್‌ಡಿ ಟಿವಿಗೆ 1, ರೇಡಿಯೋಗೆ 2.

ಲೇಮ್‌ಡಿಬಿಯಲ್ಲಿ ಒಂದು ಚಾನೆಲ್‌ಗೆ ಮೂರು ಸಾಲು: ಐಡಿಗಳದ್ದು ಒಂದು, ಹೆಸರಿನದ್ದು ಒಂದು, ಪ್ರೊವೈಡರ್ ಮತ್ತು ಪಿಐಡಿಗಳದ್ದು (ವಿಡಿಯೋ, ಆಡಿಯೋ ಇತ್ಯಾದಿ ಧಾರೆಗಳ ಸಂಖ್ಯೆ) ಒಂದು. ಒಂದು ಸಾಲು ಅಳಿಸಿಹೋದರೂ ಅಲ್ಲಿಂದ ಕೆಳಗಿನದೆಲ್ಲ ಜಾರಿ, ಚಾನೆಲ್ ಹೆಸರಿದ್ದ ಕಡೆ ಪಿಐಡಿ ಬಂದು ಕೂರುತ್ತದೆ. ಮೂರನೆಯ ಸಾಲಿನ ಕೊನೆಯಲ್ಲಿ "ಎಫ್:40" ಕಂಡರೆ ಗಾಬರಿಯಾಗಬೇಡಿ, ಅದು ಹೊಸದಾಗಿ ಸಿಕ್ಕ ಚಾನೆಲ್ ಎಂಬ ಗುರುತು ಅಷ್ಟೇ. ಹೊಸ ಇಮೇಜ್‌ಗಳಲ್ಲಿ (ರಿಸೀವರಿನ ತಂತ್ರಾಂಶದ ಆವೃತ್ತಿಗಳಲ್ಲಿ) ಲೇಮ್‌ಡಿಬಿ5 ಎಂಬ ಇನ್ನೊಂದು ರೂಪವೂ ಇರಬಹುದು. ಅದರಲ್ಲಿ ಒಂದು ಚಾನೆಲ್‌ಗೆ ಒಂದೇ ಸಾಲು.

ಈಗ ನೇಮ್‌ಸ್ಪೇಸ್. ಇಷ್ಟು ಬರೆಯುತ್ತಿರುವುದೇ ಇದಕ್ಕಾಗಿ. ಉಪಗ್ರಹದ ಸ್ಥಾನವನ್ನು ಹತ್ತರಿಂದ ಗುಣಿಸಿ ಹೆಕ್ಸ್ ಮಾಡಿದರೆ ಅದರ ಮೊದಲ ಭಾಗ ಸಿಗುತ್ತದೆ. 19.2 ಅಂದರೆ 192, ಹೆಕ್ಸ್‌ನಲ್ಲಿ ಸಿ0. ಉದಯ ಟಿವಿ ಬರುವ ಇಂಟೆಲ್‌ಸ್ಯಾಟ್ 17 ಇರುವುದು 66 ಡಿಗ್ರಿ ಪೂರ್ವದಲ್ಲಿ. 660, ಹೆಕ್ಸ್‌ನಲ್ಲಿ 294. ಡಿಡಿ ಚಂದನ ಸಿಗುವ ಡಿಡಿ ಫ್ರೀ ಡಿಶ್‌ನ ಜಿಸ್ಯಾಟ್-15 ಇರುವುದು 93.5ರಲ್ಲಿ, 935, ಅಂದರೆ 3ಎ7. ಪಶ್ಚಿಮದ ಉಪಗ್ರಹವಾದರೆ ಆ ಸಂಖ್ಯೆಯನ್ನು 3600ರಿಂದ ಕಳೆಯಬೇಕು. ಇಷ್ಟು ಗೊತ್ತಿದ್ದರೆ, ಬೊಕೆಯ ಯಾವುದೇ ಸಾಲು ನೋಡಿ ಅದು ಯಾವ ಉಪಗ್ರಹದ್ದು, ನಿಮ್ಮ ಡಿಶ್ ಅತ್ತ ತಿರುಗಿದೆಯೋ ಇಲ್ಲವೋ ಎಂದು ತಕ್ಷಣ ಹೇಳಬಹುದು.

ಉಳಿದ ನಾಲ್ಕು ಅಂಕಿಗಳು ಆಸ್ಟ್ರಾದಲ್ಲಿ ಸೊನ್ನೆ, ಏಕೆಂದರೆ ಅಲ್ಲಿ ಟ್ರಾನ್ಸ್‌ಪೋರ್ಟ್ ಐಡಿ, ನೆಟ್‌ವರ್ಕ್ ಐಡಿಗಳನ್ನು ನಿಯಮದಂತೆ ಕೊಟ್ಟಿದ್ದಾರೆ. ನೆಟ್‌ವರ್ಕ್ ಐಡಿ 1 ಸೇರಿರುವುದೂ ಆಸ್ಟ್ರಾ 19.2ಕ್ಕೇ. ಬೇರೆ ಉಪಗ್ರಹದಲ್ಲಿ ಯಾರಾದರೂ ಬೇಕಾಬಿಟ್ಟಿ 1 ಅಂತಲೋ 0 ಅಂತಲೋ ಹಾಕಿದ್ದರೆ ರಿಸೀವರ್ ಅದನ್ನು ನಂಬುವುದಿಲ್ಲ. ಆಗ ಫ್ರೀಕ್ವೆನ್ಸಿಯನ್ನೇ ಮೆಗಾಹರ್ಟ್ಸ್ ಲೆಕ್ಕದಲ್ಲಿ ಆ ನಾಲ್ಕು ಅಂಕಿಗಳಲ್ಲಿ ತುಂಬಿಸಿಬಿಡುತ್ತದೆ. 4116 ಹಾರಿಜಾಂಟಲ್ ಆದರೆ ಹೆಕ್ಸ್‌ನಲ್ಲಿ 1014, ಅದೇ 4116 ವರ್ಟಿಕಲ್ ಆದರೆ 9014. ಪರಿಣಾಮ ನೋಡಿ. ನಿಮ್ಮ ಸ್ಕ್ಯಾನ್‌ನಲ್ಲಿ ಆ ಟ್ರಾನ್ಸ್‌ಪಾಂಡರ್ (ಉಪಗ್ರಹದ ಪ್ರಸಾರ ಘಟಕ) 4115 ಎಂದು ದಾಖಲಾಗಿ, ಲಿಸ್ಟ್ ಕಳಿಸಿದವರದ್ದು 4116 ಎಂದಿದ್ದರೆ ಸಿಗ್ನಲ್ ಇಬ್ಬರಿಗೂ ಚೆನ್ನಾಗಿಯೇ ಬರುತ್ತದೆ. ಆದರೆ ಅವರ ಬೊಕೆಯ ಸಾಲು ನಿಮ್ಮ ಲೇಮ್‌ಡಿಬಿಗೆ ಹೊಂದುವುದಿಲ್ಲ. ಹೆಸರಿನ ಜಾಗದಲ್ಲಿ ಖಾಲಿ, ಒತ್ತಿದರೆ ಟ್ಯೂನ್ ಆಗುವುದಿಲ್ಲ. ಎಲ್‌ಎನ್‌ಬಿ (ಡಿಶ್‌ನ ಮುಂದಿರುವ, ಸಿಗ್ನಲ್ ಹಿಡಿಯುವ ಭಾಗ) ಬದಲಿಸುವುದು, ಡಿಶ್ ತಿರುಗಿಸುವುದು ಯಾವುದೂ ಬೇಡ. ಬೊಕೆ ಫೈಲ್‌ನಲ್ಲಿ ಆ ನಾಲ್ಕು ಅಂಕಿಗಳನ್ನು ನಿಮ್ಮ ಲೇಮ್‌ಡಿಬಿಯಲ್ಲಿರುವಂತೆ ತಿದ್ದಿದರೆ ಸಾಕು. ಇಂಥ ಚಾನೆಲ್ ಬೇರೆ ಫ್ರೀಕ್ವೆನ್ಸಿಗೆ ಹೋದಾಗಲೂ ಇದೇ ಕಥೆ: ಸರ್ವಿಸ್ ಐಡಿ ಬದಲಾಗದಿದ್ದರೂ ಹಳೆಯ ಸಾಲು ಸತ್ತುಹೋಗುತ್ತದೆ.

ಇಷ್ಟೆಲ್ಲ ಸರಿಯಾಗಿ ತಿದ್ದಿ ಫೈಲ್ ಹಾಕಿ, ರಿಮೋಟ್‌ನಲ್ಲಿ ರೀಸ್ಟಾರ್ಟ್ ಒತ್ತುವವರಿದ್ದಾರೆ. ಹಳೆಯ ಲಿಸ್ಟೇ ಮರಳಿ ಬಂದಿರುತ್ತದೆ. ಎನಿಗ್ಮಾ2 ತನ್ನ ನೆನಪಿನಲ್ಲಿರುವ ಪಟ್ಟಿಯನ್ನು ನಿಲ್ಲುವಾಗ ಫೈಲ್‌ಗೆ ಬರೆಯುತ್ತದೆ, ಹಾಗಾಗಿ ನೀವು ಹಾಕಿದ್ದು ಅದರಡಿ ಅಳಿಸಿಹೋಗುತ್ತದೆ. ಸರಿಯಾದ ಕ್ರಮ ಇದು. ಮೊದಲು ಇಡೀ ಎನಿಗ್ಮಾ2 ಫೋಲ್ಡರನ್ನು ಕಂಪ್ಯೂಟರಿಗೆ ನಕಲು ಮಾಡಿಟ್ಟುಕೊಳ್ಳಿ. ಟೆಲ್ನೆಟ್ ಅಥವಾ ಎಸ್‌ಎಸ್‌ಎಚ್‌ನಲ್ಲಿ (ಕಂಪ್ಯೂಟರಿನಿಂದ ರಿಸೀವರಿಗೆ ಆಜ್ಞೆ ಕೊಡುವ ದಾರಿಗಳು) ಹೋಗಿ "ಇನಿಟ್ 4" ಕೊಡಿ, ಟಿವಿ ಪರದೆಯ ಮೆನು ನಿಲ್ಲುತ್ತದೆ. ಫೈಲ್ ಹಾಕಿ. ಆಮೇಲೆ "ಇನಿಟ್ 3" ಕೊಡಿ, ಮೆನು ಮತ್ತೆ ಶುರುವಾಗುತ್ತದೆ. ಓಪನ್‌ವೆಬಿಫ್ (ಬ್ರೌಸರಿನಿಂದ ರಿಸೀವರ್ ನಡೆಸುವ ಪ್ಲಗಿನ್) ಇದ್ದರೆ ಇದೂ ಬೇಡ, ಫೈಲ್ ಹಾಕಿದ ಮೇಲೆ ಸರ್ವಿಸ್‌ಲಿಸ್ಟ್ ರೀಲೋಡ್ ಕರೆಯಬಹುದು: ಮೋಡ್ 0 ಕೊಟ್ಟರೆ ಲೇಮ್‌ಡಿಬಿ, ಬೊಕೆ ಎರಡೂ, 1 ಕೊಟ್ಟರೆ ಲೇಮ್‌ಡಿಬಿ ಮಾತ್ರ, 2 ಕೊಟ್ಟರೆ ಬೊಕೆ ಮಾತ್ರ.

ಸೆಟ್ಟಿಂಗ್ಸ್ ಫೈಲನ್ನು ಮಾತ್ರ ಯಾರಿಂದಲೂ ತೆಗೆದುಕೊಳ್ಳಬೇಡಿ. ಯಾವ ಟ್ಯೂನರಿಗೆ ಯಾವ ಉಪಗ್ರಹ, ಡೈಸೆಕ್ ಸ್ವಿಚ್‌ನ (ಹಲವು ಎಲ್‌ಎನ್‌ಬಿಗಳಲ್ಲಿ ಒಂದನ್ನು ಆರಿಸುವ ಸ್ವಿಚ್) ಯಾವ ಪೋರ್ಟಿಗೆ ಯಾವ ಎಲ್‌ಎನ್‌ಬಿ ಎಂಬುದೆಲ್ಲ ಅದರಲ್ಲಿದೆ. ಅವರ ಮನೆಯ ವೈರಿಂಗ್ ನಿಮ್ಮ ಮನೆಗೆ ಹೊಂದುವುದಿಲ್ಲ.

ದುಡ್ಡು ಕೊಟ್ಟು "ಪ್ರೀಮಿಯಂ ಲಿಸ್ಟ್" ಕೊಳ್ಳುವವರಿಗೂ ಒಂದು ಮಾತು. ಮೇಲಿನ ಯಾವ ಫೈಲ್‌ನಲ್ಲೂ ಎನ್‌ಕ್ರಿಪ್ಟ್ ಆದ ಚಾನೆಲ್ ತೆರೆಯುವ ಬೀಗದ ಕೈ ಇಲ್ಲ, ಇರುವುದು ವಿಳಾಸ ಮತ್ತು ಕ್ರಮ ಎರಡೇ. ಆ ವಿಳಾಸವನ್ನು ನಿಮ್ಮ ರಿಸೀವರ್ ಪುಕ್ಕಟೆ ಸ್ಕ್ಯಾನ್ ಮಾಡಿ ಕೊಡುತ್ತದೆ.

ಬೊಕೆಯೊಳಗೆ "ಕನ್ನಡ", "ಸುದ್ದಿ" ಎಂದು ತಲೆಬರಹ ಹಾಕಬೇಕೆಂದರೆ ಎರಡನೆಯ ಅಂಕಿ 64 ಇರುವ ಮಾರ್ಕರ್ ಸಾಲು ಬೇಕು: 1:64:0:0:0:0:0:0:0:0: ಎಂದು (ಇಲ್ಲೂ ಶುರುವಿನಲ್ಲಿ #SERVICE ಇರಬೇಕು) ಬರೆದು, ಅದರ ಕೆಳಗಿನ ಡಿಸ್ಕ್ರಿಪ್ಶನ್ ಸಾಲಿನಲ್ಲಿ ಹೆಸರು. ಫೈಲನ್ನು ಯುಟಿಎಫ್-8ರಲ್ಲಿ, ಬಿಒಎಂ (ಫೈಲಿನ ಶುರುವಿನಲ್ಲಿ ಸೇರುವ, ಕಣ್ಣಿಗೆ ಕಾಣದ ಗುರುತು) ಇಲ್ಲದೆ, ಸಾಲಿನ ಕೊನೆ ಯುನಿಕ್ಸ್ ಮಾದರಿಯಲ್ಲಿರುವಂತೆ ಉಳಿಸಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಎರಡಕ್ಕೂ ಆಯ್ಕೆ ಇದೆ. ಹೀಗೆ ಉಳಿಸಿಯೂ ಕನ್ನಡದ ಜಾಗದಲ್ಲಿ ಚೌಕಗಳೇ ಕಂಡರೆ ಫೈಲ್ ತಪ್ಪಿಲ್ಲ, ಸ್ಕಿನ್‌ನ (ಪರದೆಯ ವಿನ್ಯಾಸದ) ಫಾಂಟ್‌ನಲ್ಲಿ ಕನ್ನಡ ಇಲ್ಲ ಎಂದರ್ಥ.