ಗೂಡಿನ ಕಾಲದಲ್ಲಿ ನೋಡುಗರ ನಡತೆ

ನಾನು ನೆಲೆಸಿರುವ ನ್ಯೂಕ್ಯಾಸಲ್ ಇಂಗ್ಲೆಂಡಿನ ಈಶಾನ್ಯ ಮೂಲೆಯ ಊರು. ಇಲ್ಲಿ ಮೇ ತಿಂಗಳೆಂದರೆ ವಸಂತದ ಕೊನೆಯ ಭಾಗ. ಸಂಜೆ ಒಂಬತ್ತಾದರೂ ಬೆಳಕು ಆರಿರುವುದಿಲ್ಲ. ನಮ್ಮ ಕರ್ನಾಟಕದ ಕಡೆ ಇದೇ ಹೊತ್ತಿಗೆ ಭರಣಿ, ಕೃತ್ತಿಕೆ ಮಳೆಗಳು ಬಂದುಹೋಗಿ ಜನ ಮುಂಗಾರಿನ ದಾರಿ ನೋಡುತ್ತಿರುತ್ತಾರೆ. ಎರಡೂ ಕಡೆ ರಜೆ ಸಿಕ್ಕವರು ಕಾಡು, ಕಡಲು, ಹಿನ್ನೀರುಗಳತ್ತ ಹೊರಡುವ ಕಾಲವಿದು. ಹಲವು ಹಕ್ಕಿಗಳು ಗೂಡಿನಲ್ಲಿರುವ ಕಾಲವೂ ಇದೇ. ನಮಗೆ ಸಂತೋಷ ಕೊಡುವ ತಿಂಗಳುಗಳೇ ಅವುಗಳ ಪಾಲಿಗೆ ಅತ್ಯಂತ ಸೂಕ್ಷ್ಮವಾದವು. ಇವೆರಡನ್ನೂ ಹೊಂದಿಸಿಕೊಳ್ಳುವುದರಲ್ಲಿ ಈ ನಾಡು ಕೆಲವನ್ನು ನಮಗಿಂತ ಚೆನ್ನಾಗಿ ಮಾಡುತ್ತದೆ, ಬಹು ಮುಖ್ಯವಾದ ಒಂದನ್ನು ನಾವು ಇವರಿಗಿಂತ ಚೆನ್ನಾಗಿ ಮಾಡುತ್ತೇವೆ ಎಂಬುದು ನನ್ನ ಅನಿಸಿಕೆ.

ಇಲ್ಲಿ ನನಗೆ ಮೊದಲು ಹಿಡಿಸಿದ್ದು ನಡೆಯುವ ಹಕ್ಕು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 2,25,000 ಕಿಲೋಮೀಟರ್ ಸಾರ್ವಜನಿಕ ಕಾಲುದಾರಿಗಳಿವೆ. ಅವು ಖಾಸಗಿ ಹೊಲಗಳ ನಡುವೆ ಹಾದುಹೋದರೂ ನಡೆಯುವವರನ್ನು ತಡೆಯುವಂತಿಲ್ಲ. ಈ ಹಕ್ಕು ತಾನಾಗಿ ಹಿಗ್ಗಿದ್ದಲ್ಲ. 1932ರ ಏಪ್ರಿಲ್ 24ರಂದು ಕಿಂಡರ್ ಸ್ಕೌಟ್ ಬೆಟ್ಟದಲ್ಲಿ ಜಮೀನ್ದಾರರು ಬೇಟೆಗೆಂದು ಕಾದಿರಿಸಿಕೊಂಡಿದ್ದ ನೆಲದ ಮೇಲೆ ನೂರಾರು ಜನ, ಅವರಲ್ಲಿ ಅನೇಕರು ಕಾರ್ಖಾನೆ ಊರುಗಳ ಕಾರ್ಮಿಕರು, ಬೇಕೆಂದೇ ನಡೆದುಹೋದರು. ಕೆಲವರು ಅದಕ್ಕಾಗಿ ಜೈಲು ಸೇರಿದರು. ಬೆಟ್ಟ ಮತ್ತು ಬಯಲುಗಳನ್ನು ವ್ಯಾಪಕವಾಗಿ ಜನರಿಗೆ ತೆರೆದ ಕಾನೂನು ಬಂದದ್ದು 2000ದಲ್ಲಿ. ಆದರೆ ಅದೇ ಕಾನೂನು ಹೀಗೆ ತೆರೆದ ನೆಲದಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯನ್ನು ಎರಡು ಮೀಟರ್ ಮೀರದ ಹಗ್ಗದಲ್ಲೇ ಹಿಡಿದಿರಬೇಕೆಂದೂ ಹೇಳುತ್ತದೆ, ಏಕೆಂದರೆ ಕರ್ಲ್ಯೂ, ಲ್ಯಾಪ್‌ವಿಂಗ್‌ನಂಥ ಹಕ್ಕಿಗಳು ಮೊಟ್ಟೆಯಿಡುವುದು ಬರಿನೆಲದಲ್ಲಿ. ಹಕ್ಕನ್ನು ಕೊಟ್ಟ ಕಾಗದದಲ್ಲೇ ಗೂಡಿನ ತಿಂಗಳುಗಳನ್ನು ಹೆಸರಿಸಿ ಮಿತಿಯನ್ನೂ ಬರೆದಿರುವುದು ನನಗೆ ತುಂಬ ಸರಿಯೆನಿಸುತ್ತದೆ.

ಈ ಮಿತಿ ಹೇಗೆ ನಡೆಯುತ್ತದೆಂಬುದನ್ನು ನೋಡಬೇಕಾದರೆ ನಾರ್ತಂಬರ್ಲೆಂಡಿನ ಕರಾವಳಿಗೆ ಬರಬೇಕು. ಬೀಡ್ನೆಲ್ ಎಂಬ ಊರಿನ ಬಳಿ ಲಾಂಗ್ ನ್ಯಾನಿ ಎಂಬ ಸಣ್ಣ ಹೊಳೆ ಸಮುದ್ರ ಸೇರುವಲ್ಲಿ ಆರ್ಕ್ಟಿಕ್ ಟರ್ನ್, ಪುಟ್ಟ ಟರ್ನ್ ಎಂಬ ಕಡಲಹಕ್ಕಿಗಳು ಮರಳಿನ ಮೇಲೆ ಮೊಟ್ಟೆಯಿಡುತ್ತವೆ. ನಿಸರ್ಗ, ಪರಂಪರೆಯ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ರೇಂಜರ್‌ಗಳು ಪ್ರತಿ ವರ್ಷ ಗೂಡಿನ ಕಾಲದುದ್ದಕ್ಕೂ ಅಲ್ಲಿಯೇ ಡೇರೆ ಹಾಕಿಕೊಂಡು ಹಗಲಿರುಳು ಸರದಿಯ ಮೇಲೆ ಕಾಯುತ್ತಾರೆ. ಅಲ್ಲಿಂದ ಉತ್ತರಕ್ಕೆ ಹೋಗಿ ಸೀಹೌಸಸ್‌ನಲ್ಲಿ ದೋಣಿ ಹತ್ತಿದರೆ ಫಾರ್ನ್ ದ್ವೀಪಗಳು. ಇನ್ನರ್ ಫಾರ್ನ್‌ನಲ್ಲಿ ಟರ್ನ್ ಹಕ್ಕಿ ಜನ ನಡೆಯುವ ದಾರಿಯ ಅಂಚಿನಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಕಾವು ಕೂತಿರುತ್ತದೆ. ಕೊಕ್ಕು ರಕ್ತಗೆಂಪು, ತಲೆಯ ಮೇಲೆ ಕಪ್ಪು ಟೋಪಿ. ಜೋಡಿಯ ಇನ್ನೊಂದು ಹಕ್ಕಿ ಮೇಲಿಂದ ಎರಗಿ ಬಂದವರ ನೆತ್ತಿಯನ್ನೇ ಕುಟುಕುತ್ತದೆ. ಟೋಪಿ ಹಾಕಿಕೊಳ್ಳಿ, ದಾರಿ ಬಿಟ್ಟು ಕಾಲಿಡಬೇಡಿ, ನಿಂತು ಗುಂಪುಗೂಡಬೇಡಿ ಎಂದು ರೇಂಜರ್‌ಗಳು ಹೇಳುತ್ತಾರೆ. ಮಕ್ಕಳೂ ಅದನ್ನು ಪಾಲಿಸುತ್ತಾರೆ. ಈ ದ್ವೀಪಗಳಲ್ಲಿ ಹಾರಿದ ದಾರಿಯನ್ನು ದಾಖಲಿಸುವ ಪುಟ್ಟ ಯಂತ್ರ ಕಟ್ಟಿಸಿಕೊಂಡ ಒಂದು ಆರ್ಕ್ಟಿಕ್ ಟರ್ನ್ 2015ರ ಜುಲೈನಲ್ಲಿ ಹೊರಟು ಅಂಟಾರ್ಕ್ಟಿಕಾದವರೆಗೆ ಹೋಗಿ, ಸುಮಾರು 96,000 ಕಿಲೋಮೀಟರ್ ಹಾರಿ, 2016ರ ಮೇ ತಿಂಗಳಲ್ಲಿ ಮರಳಿ ಇಲ್ಲಿಗೇ ಬಂದಿತು. 2022ರಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಹಕ್ಕಿಗಳು ಸತ್ತಾಗ ದ್ವೀಪದ ಮೇಲೆ ಜನ ಇಳಿಯುವುದನ್ನೇ ನಿಲ್ಲಿಸಿದರು. ಮತ್ತೆ ಇಳಿಯಲು ಬಿಟ್ಟದ್ದು 2024ರಲ್ಲಿ. ಪ್ರವಾಸಿಗರಿಂದಲೇ ಬದುಕುವ ಒಂದು ಕರಾವಳಿ ಅದನ್ನು ಒಪ್ಪಿಕೊಂಡಿತು.

ಟರ್ನ್‌ಗಳ ಮಾತು ಬಂದಾಗ ನನಗೆ ಭದ್ರಾ ಹಿನ್ನೀರು ನೆನಪಾಗದೆ ಇರುವುದಿಲ್ಲ. ಬೇಸಿಗೆಯಲ್ಲಿ ಲಕ್ಕವಳ್ಳಿಯ ಬಳಿ ಜಲಾಶಯದ ನೀರು ಇಳಿಯುತ್ತಿದ್ದಂತೆ ಮೇಲೇಳುವ ಬೋಳು ನಡುಗಡ್ಡೆಗಳ ಮೇಲೆ ಸಾವಿರಾರು ನದಿ ಟರ್ನ್‌ಗಳು ಮೊಟ್ಟೆಯಿಡುತ್ತವೆ. ಗೂಡೆಂದರೆ ಕಲ್ಲುಮಣ್ಣಿನಲ್ಲಿ ಮಾಡಿಕೊಂಡ ಒಂದು ಸಣ್ಣ ಕುಳಿ, ಅಷ್ಟೇ. ದೋಣಿ ತೀರ ಹತ್ತಿರ ಬಂದರೆ ಹಕ್ಕಿಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ. ಫೋಟೋ ತೆಗೆಯುವವರಿಗೆ ಅದು ಅಪೂರ್ವ ದೃಶ್ಯ. ಆದರೆ ಫಾರ್ನ್‌ನಲ್ಲಿ ತಾಯಿ ಎದ್ದರೆ ಮೊಟ್ಟೆಗೆ ಚಳಿಯ ಭಯವಾದರೆ ಭದ್ರೆಯಲ್ಲಿ ಬಿಸಿಲಿನ ಭಯ. ಏಪ್ರಿಲ್ ಮಧ್ಯಾಹ್ನದ ಕಾದ ಕಲ್ಲಿನ ಮೇಲೆ ನೆರಳಿಲ್ಲದೆ ಉಳಿದ ಮೊಟ್ಟೆ ಸ್ವಲ್ಪ ಹೊತ್ತಿನಲ್ಲೇ ಕೆಡುತ್ತದೆ. ಇಷ್ಟಾಗಿಯೂ "ಇನ್ನೂ ಸ್ವಲ್ಪ ಹತ್ತಿರ ಹೋಗಪ್ಪ" ಎಂದು ದೋಣಿಯವನನ್ನು ಒತ್ತಾಯಿಸುವ ದನಿಗಳನ್ನು ನಾನು ನಮ್ಮ ನೀರುಗಳಲ್ಲಿ ಕೇಳಿದ್ದೇನೆ. ಕಾನೂನು ನಮ್ಮಲ್ಲಿ ದುರ್ಬಲವೇನೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಯ ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದನ್ನು ಬೇಟೆಯ ವ್ಯಾಖ್ಯೆಯಲ್ಲೇ ಸೇರಿಸಿದೆ. ಕೊರತೆಯಿರುವುದು ಅದನ್ನು ಸ್ಥಳದಲ್ಲಿ ನಿಂತು ಸೌಜನ್ಯದಿಂದ ಹೇಳುವ ಜನರದ್ದು, ಹೇಳಿದಾಗ ಕೇಳುವ ರೂಢಿಯದ್ದು.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು. ನಾನಿರುವ ನ್ಯೂಕ್ಯಾಸಲ್‌ನ ಅಂಚಿನಲ್ಲಿ ಹರಿಯುವ ಟೈನ್ ನದಿಯ ಸೇತುವೆಯ ಮೇಲೆ, ದಂಡೆಯ ಹಳೆಯ ಕಟ್ಟಡಗಳ ಚಾಚುಗಲ್ಲುಗಳ ಮೇಲೆ ಕಿಟ್ಟಿವೇಕ್ ಎಂಬ ಕಡಲಹಕ್ಕಿಗಳು ಗೂಡು ಕಟ್ಟುತ್ತವೆ. ಸಮುದ್ರದಿಂದ ಇಷ್ಟು ಒಳಗೆ ಗೂಡು ಕಟ್ಟುವ ಕಿಟ್ಟಿವೇಕ್ ಸಮೂಹ ಜಗತ್ತಿನಲ್ಲಿ ಇನ್ನೊಂದಿಲ್ಲ. ಮಣ್ಣು, ಹುಲ್ಲು, ಪಾಚಿಗಳನ್ನು ಮೆತ್ತಿ ಮಾಡಿದ ಬಟ್ಟಲಿನಂಥ ಗೂಡಿನಲ್ಲಿ ಮರಿಗಳು ಗೋಡೆಗೆ ಮುಖ ಮಾಡಿ ಅಲುಗಾಡದೆ ಕೂತಿರುತ್ತವೆ, ಅಲುಗಾಡಿದರೆ ಕೆಳಗೆ ಬೀಳುವಷ್ಟು ಕಿರಿದಾದ ಜಾಗವದು. ಎದುರು ದಂಡೆಯ ಗೇಟ್ಸ್‌ಹೆಡ್‌ನಲ್ಲಿರುವ ಬಾಲ್ಟಿಕ್ ಎಂಬ ಹಳೆಯ ಹಿಟ್ಟಿನ ಗಿರಣಿಯನ್ನು ಕಲಾಕೇಂದ್ರವಾಗಿ ಮಾರ್ಪಡಿಸುವಾಗ ಅಲ್ಲಿದ್ದ ಹಕ್ಕಿಗಳಿಗೆಂದೇ ಅದೇ ದಂಡೆಯಲ್ಲಿ ಒಂದು ಗೋಪುರವನ್ನೂ ಕಟ್ಟಿಕೊಟ್ಟರು, ಅದನ್ನು ಮೆಚ್ಚಲೇಬೇಕು. ಆದರೆ ಇದೇ ಊರಿನಲ್ಲಿ ಹಿಕ್ಕೆ ಮತ್ತು ಗದ್ದಲದ ಕಾರಣಕ್ಕೆ ಚಾಚುಗಲ್ಲುಗಳಿಗೆ ಮೊಳೆಸಾಲು ಹೊಡೆದು ಬಲೆ ಬಿಗಿದವರೂ ಇದ್ದಾರೆ, ಆ ಬಲೆಗಳಿಗೆ ಸಿಕ್ಕಿ ಹಕ್ಕಿಗಳು ಸತ್ತದ್ದೂ ಉಂಟು. ದ್ವೀಪಕ್ಕೆ ಹೋದಾಗ ಇಷ್ಟೊಂದು ಶಿಸ್ತು ಪಾಲಿಸುವ ಸಮಾಜಕ್ಕೆ ತನ್ನ ಕಿಟಕಿಯ ಮೇಲಿನ ಹಕ್ಕಿಯನ್ನು ಸಹಿಸುವುದು ಕಷ್ಟವಾಗುತ್ತದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರಿಗೆ ಅದು ಕಷ್ಟವೆನಿಸಿಲ್ಲ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲೇ ಗೂಡು ಕಟ್ಟಿ ಬೇಸಿಗೆಯವರೆಗೂ ಮರಿ ಸಾಕುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಎಂದು ಊರಿನವರು ಅವುಗಳನ್ನು ಕಾಣುತ್ತಾರೆ. ಅಂಗಳವೆಲ್ಲ ಹಿಕ್ಕೆ, ಮೀನಿನ ವಾಸನೆ. ಆ ಹಿಕ್ಕೆಯನ್ನೇ ಅವರು ಹೊಲಕ್ಕೆ ಗೊಬ್ಬರವಾಗಿ ಬಳಸಿದರು. ಗೂಡಿರುವ ಮರದ ಹುಣಸೆಹಣ್ಣನ್ನು ಕೊಯ್ಯದೆ ಬಿಟ್ಟದ್ದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಆಮೇಲೆ ಬಂದದ್ದು. ಹಕ್ಕಿಗಳನ್ನು ಉಳಿಸಿಕೊಳ್ಳುವ ಮನಸ್ಸು ಅದಕ್ಕಿಂತ ಬಹಳ ಹಳೆಯದು. ಊರಿನ ಯುವಕರ ಹೆಜ್ಜಾರ್ಲೆ ಬಳಗ ಗೂಡಿನಿಂದ ಬಿದ್ದ ಮರಿಗಳನ್ನು ಮೀನು ತಿನ್ನಿಸಿ ಸಾಕಿ, ಹಾರಲು ಬಂದಾಗ ಬಿಟ್ಟಿದೆ. 2007ರಲ್ಲಿ ಸರ್ಕಾರ ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಇದಕ್ಕೆ ಸಮನಾದ ಊರನ್ನು ನಾನು ಇಂಗ್ಲೆಂಡಿನಲ್ಲಿ ಕಂಡಿಲ್ಲ.

ಹೀಗಿದ್ದರೂ ರಜೆ ಬಂದರೆ ನಮ್ಮವರ ಮೊದಲ ಯೋಚನೆ ಹುಲಿ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದು ಹೊಸ ಹುಲ್ಲು ಚಿಗುರುವಾಗ ಆನೆಗಳು ಹಿಂಡುಹಿಂಡಾಗಿ ಸೇರುವುದನ್ನು ಕಂಡು ಬಂದವರಿಗೂ ಗೇಟಿನಲ್ಲಿ ಎದುರಾಗುವ ಪ್ರಶ್ನೆ "ಹುಲಿ ಕಾಣಿಸಿತಾ?" ಎಂಬುದು. ಆನೆ, ಹುಲಿಗಳಿರುವ ನಾಗರಹೊಳೆಯನ್ನು ಇಂಗ್ಲೆಂಡಿನ ಬೆಟ್ಟಗಳಂತೆ ಕಾಲ್ನಡಿಗೆಯವರಿಗೆ ತೆರೆಯಬೇಕೆಂದು ನಾನು ಹೇಳುತ್ತಿಲ್ಲ, ಹಾಗೆ ಮಾಡಲೇಬಾರದು. ಇಲ್ಲಿನ ತೋಳಗಳು, ಲಿಂಕ್ಸ್ ಎಂಬ ದೊಡ್ಡ ಕಾಡುಬೆಕ್ಕುಗಳೆಲ್ಲ ಎಂದೋ ಅಳಿದುಹೋದದ್ದರಿಂದಲೇ ಇಲ್ಲಿನವರು ನಿರ್ಭಯವಾಗಿ ನಡೆಯುತ್ತಾರೆ ಎಂಬುದನ್ನು ಮರೆಯಬಾರದು. ಆದರೆ ಜೀಪ್ ಬೇಕಿಲ್ಲದ, ಕಾಲ್ನಡಿಗೆಗೆ ಒದಗುವ ಕೆರೆ ಏರಿಗಳು, ದೇವರಕಾಡುಗಳು, ಗುಡ್ಡಗಳು ನಮ್ಮಲ್ಲಿ ಪ್ರತಿ ತಾಲ್ಲೂಕಿನಲ್ಲೂ ಇವೆ. ಮಕ್ಕಳಿಗೆ ಒಂದು ದುರ್ಬೀನು ಕೊಟ್ಟು ಬೆಳಗಿನ ಆರು ಗಂಟೆಗೆ ಕೆರೆ ಏರಿಯ ಮೇಲೆ ನಡೆಸುವುದಕ್ಕೆ ಟಿಕೆಟ್ ಬೇಕಿಲ್ಲ.

ನಾನು ಬಯಸುವುದು ಇಷ್ಟು. ಭದ್ರಾ ನಡುಗಡ್ಡೆಗಳ ಸುತ್ತ ದೋಣಿ ದಾಟಬಾರದ ಗೆರೆಯೊಂದನ್ನು ಗೂಡಿನ ತಿಂಗಳುಗಳಲ್ಲಿ ತೇಲುಗುರುತುಗಳಿಂದ ತೋರಿಸಲಿ, ದುಬಾರಿ ಕ್ಯಾಮೆರಾ ತಂದವರಿಗೂ ಅದು ಒಂದೇ ಆಗಿರಲಿ. ಲಾಂಗ್ ನ್ಯಾನಿಯ ರೇಂಜರ್‌ಗಳಿಗೆ ಸಿಗುವಂತೆ ಗೂಡಿನ ಕಾಲದ ಕಾವಲಿಗೆ ನಮ್ಮ ಊರುಗಳ ಹುಡುಗ ಹುಡುಗಿಯರಿಗೂ ಸಂಬಳ ಸಿಗಲಿ, ನೋಡುಗರೊಡನೆ ಮಾತಾಡುವುದೂ ಆ ಕೆಲಸದ ಭಾಗವಾಗಿರಲಿ. ಕೊಕ್ಕರೆ ಬೆಳ್ಳೂರಿಗೆ ಹೋಗುವವರು ಬೆಂಗಳೂರು–ಮೈಸೂರು ಹೆದ್ದಾರಿಯಿಂದ ರುದ್ರಾಕ್ಷಿಪುರದ ಬಳಿ ತಿರುಗಬೇಕು. ಊರೊಳಗೆ ಹಾರ್ನ್ ಮಾಡದೆ, ಮರದಡಿ ಗಾಡಿ ನಿಲ್ಲಿಸದೆ, ಡ್ರೋನ್ ಹಾರಿಸದೆ ನಡೆದುಕೊಂಡು ನೋಡಬೇಕು, ಕುಡಿಯುವ ಎಳನೀರನ್ನು ಆ ಊರಿನವರಿಂದಲೇ ಕೊಳ್ಳಬೇಕು.